ವೈಶಾಖದ ಹಿಮ

ಹಿಮಕ್ಕೆ ಕನ್ನಡದಲ್ಲಿ ತನ್ನದೇ ಆದ ಮಾತಿಲ್ಲವೆಂದರೆ ತಪ್ಪಾಗಲಾರದು. ‘ಹಿಮ’ ಎಂಬುದು ಸಂಸ್ಕೃತದಿಂದ ಬಂದದ್ದು. ‘ಮಂಜು’ ನಮ್ಮದೇನೋ ಹೌದು. ಆದರೆ ಮಾಗಿಯ ಮುಂಜಾವಿನಲ್ಲಿ ಹೊಲದ ಮೇಲೆ ಕವಿಯುವ ಮುಸುಕಿಗೂ ಅದೇ ಮಾತು, ಹುಲ್ಲಿನ ಮೇಲಣ ಹನಿಗೂ ಅದೇ ಮಾತು. ನಮ್ಮ ರಾಯಚೂರು ಸೀಮೆಯಲ್ಲಂತೂ ನಿಜಾಮರ ಕಾಲದಿಂದ ಉಳಿದುಕೊಂಡ ‘ಬರ್ಫ’ ಎಂಬ ಉರ್ದು ಮಾತೇ ಜನರ ನಾಲಗೆಯ ಮೇಲಿದೆ. ಆ ಬರ್ಫವಾದರೂ ಕಾರ್ಖಾನೆಯಲ್ಲಿ ಹುಟ್ಟಿ, ಮರದ ಹೊಟ್ಟಿನಲ್ಲಿ ಹುದುಗಿ, ಗೋಣಿತಟ್ಟು ಹೊದ್ದು ಬಜಾರಿಗೆ ಬರುವ ವಸ್ತು. ಆಕಾಶದಿಂದ ನಮಗೆ ಬೀಳುವ ಘನರೂಪದ ನೀರೆಂದರೆ ಆಲಿಕಲ್ಲು ಒಂದೇ. ಅದು ಬಂದಾಗಲೆಲ್ಲ ನಿಂತ ಬೆಳೆಯನ್ನು ಮಲಗಿಸಿ ಹೋಗುವುದರಿಂದ ಅದರ ಬಗ್ಗೆ ನಮ್ಮ ರೈತರಿಗೆ ಪ್ರೀತಿಯಿಲ್ಲ.

ಹೀಗೆ ಮಾತೂ ಇಲ್ಲದ, ಅನುಭವವೂ ಇಲ್ಲದ ಒಂದು ವಸ್ತುವನ್ನು ಮಕ್ಕಳಿಗೆ ಕಲಿಸುವುದು ಹೇಗೆ? ನನ್ನ ಮಿತ್ರರೊಬ್ಬರನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಡಿದ ಪ್ರಶ್ನೆ ಇದು. ಅವರು ದೇವದುರ್ಗದ ಕಡೆಯವರು. ಅದೇ ತಾಲ್ಲೂಕಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದವರು. ನಾನು ಮಾನ್ವಿಯವನು. ರಾಯಚೂರಿನ ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಬೆಳೆದ ನಮ್ಮಿಬ್ಬರ ನಡುವೆ ಬಹುವಚನಕ್ಕೆ ಎಡೆಯಿಲ್ಲ. ಈ ಭಾಷಣದ ಮರ್ಯಾದೆಗಾಗಿ ಮಾತ್ರ ಅವರನ್ನು ‘ಅವರು’ ಎನ್ನುತ್ತಿದ್ದೇನೆ. ಪ್ರತಿವರ್ಷವೂ ಭಾರತದ ನದಿಗಳ ಪಾಠ ಬರುತ್ತದೆ. ಉತ್ತರದ ನದಿಗಳು ಹಿಮದಿಂದ ಹುಟ್ಟುತ್ತವೆ, ಬೇಸಗೆಯಲ್ಲಿಯೂ ಹರಿಯುತ್ತವೆ. ದಕ್ಷಿಣದ ನದಿಗಳು ಮಳೆಯನ್ನು ನಂಬಿದವು, ಬೇಸಗೆಯಲ್ಲಿ ಬತ್ತುತ್ತವೆ. ಎರಡನೆಯ ವಾಕ್ಯ ಮಕ್ಕಳಿಗೆ ಒಡನೆಯೇ ತಿಳಿಯುತ್ತದೆ. ಊರಾಚೆ ಹೋದರೆ ಕೃಷ್ಣೆಯೇ ಅದಕ್ಕೆ ಸಾಕ್ಷಿ. ಮೊದಲನೆಯ ವಾಕ್ಯ ಮಾತ್ರ ಬಾಯಿಪಾಠವಾಗಿಯೇ ಉಳಿಯುತ್ತದೆ. “ನಾ ನೋಡಲಾರದ್ದನ್ನ ಅವರಿಗೆ ಹೆಂಗ ತೋರಿಸಲಿ?” ಎಂದು ಅವರು ಹಲವು ಸಲ ನನ್ನೊಡನೆ ಹೇಳಿದ್ದುಂಟು. ನಿವೃತ್ತಿಗೆ ಒಂದು ವರ್ಷ ಉಳಿದಿರುವಾಗ, 2019ರಲ್ಲಿ, ಏಪ್ರಿಲ್ 23ರ ಲೋಕಸಭಾ ಚುನಾವಣೆಯ ಕರ್ತವ್ಯ ಮುಗಿಸಿದವರೇ ಅವರು ಹೊರಡುವ ಮಾತೆತ್ತಿದರು. ಮೇ ತಿಂಗಳ ಎರಡನೆಯ ವಾರದಲ್ಲಿ ನಾವಿಬ್ಬರೂ ಗಢವಾಲದ ತುಂಗನಾಥದ ದಾರಿಯಲ್ಲಿದ್ದೆವು.

ಹಿಮಾಲಯದಲ್ಲಿ ಬೇರೆ ಎಡೆಗಳಿಲ್ಲವೆ, ತುಂಗನಾಥವೇ ಏಕೆ ಎಂದು ಕೇಳುಗರು ಕೇಳಬಹುದು. ಹೆಸರಿನ ಮೋಹ ಒಂದು ಕಾರಣ. ತುಂಗಭದ್ರೆಯ ನೀರು ಕುಡಿದು ಬೆಳೆದ ನನಗೆ ‘ತುಂಗ’ ಎಂಬ ಶಬ್ದ ಆ ಎತ್ತರದಲ್ಲಿ ಕೇಳಿಸಿದ್ದೇ ಸಾಕಾಯಿತು. ಎರಡನೆಯ ಕಾರಣ ವ್ಯವಹಾರದ್ದು. ಪರ್ವತಾರೋಹಣದ ಶಿಕ್ಷಣವಿಲ್ಲದವರು, ಹಗ್ಗ ಕೊಡಲಿಗಳ ಗೊಡವೆಯಿಲ್ಲದೆ, ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ಹಿಮದ ಬೆಟ್ಟಗಳು ಕಡಮೆ. ಚೋಪತಾ ಎಂಬ ಹುಲ್ಲುಗಾವಲಿನವರೆಗೆ ಮೋಟಾರು ರಸ್ತೆಯಿದೆ. ಅದರ ಎತ್ತರ ಸುಮಾರು 2700 ಮೀಟರ್. ಅಲ್ಲಿಂದ ಮೂರೂವರೆ ಕಿಲೋಮೀಟರಿನಷ್ಟು ಕಲ್ಲುಹಾಸಿನ ದಾರಿ ಹತ್ತಿದರೆ 3680 ಮೀಟರ್ ಎತ್ತರದ ತುಂಗನಾಥ. ಪಂಚಕೇದಾರಗಳಲ್ಲಿ ಎಲ್ಲಕ್ಕಿಂತ ಎತ್ತರದ ಗುಡಿ ಅದು. ಅದರಾಚೆ ಒಂದೂವರೆ ಕಿಲೋಮೀಟರು ಏರಿದರೆ ಸುಮಾರು 4000 ಮೀಟರ್ ಎತ್ತರದ ಚಂದ್ರಶಿಲೆ ಎಂಬ ಶಿಖರ.

ಮೂರನೆಯ ಕಾರಣವನ್ನು ಅಲ್ಲಿಗೆ ಹೋದ ಮೇಲೆಯೇ ನಾನು ಸರಿಯಾಗಿ ತಿಳಿದದ್ದು. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಹರಿದ್ವಾರಗಳನ್ನು ದಾಟಿ, ಅಲಕನಂದಾ ಮಂದಾಕಿನಿಯರು ಕೂಡುವ ರುದ್ರಪ್ರಯಾಗದ ಮೂಲಕ ನಾವು ಊಖೀಮಠವನ್ನು ತಲುಪಿದೆವು. ಚಳಿಗಾಲದಲ್ಲಿ ಕೇದಾರನಾಥನ ಗುಡಿ ಮುಚ್ಚಿದಾಗ ಅವನ ಪೂಜೆ ನಡೆಯುವುದು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ. ಕೇದಾರದ ಮುಖ್ಯ ಗುರುಗಳಾದ ರಾವಲರೂ ಅವರ ಪರವಾಗಿ ಪೂಜೆ ಮಾಡುವ ಅರ್ಚಕರೂ ಕರ್ನಾಟಕ ಮೂಲದ ವೀರಶೈವ ಜಂಗಮರಾಗಿರುವುದು ತಲೆತಲಾಂತರದ ಪದ್ಧತಿ. ಗುಡಿಯ ಅಂಗಳದಲ್ಲಿ ನಮ್ಮಿಬ್ಬರ ಮಾತು ಕಿವಿಗೆ ಬಿದ್ದ ಅರ್ಚಕರೊಬ್ಬರು “ಯಾವ ಊರಿನವರ್ರೀ?” ಎಂದು ಕೇಳಿದಾಗ, ಸಾವಿರಾರು ಮೈಲಿ ಬಂದೆವೆಂಬ ನಮ್ಮ ಹೆಮ್ಮೆ ಅರ್ಧ ಇಳಿಯಿತು. ರೈಲು ಬಸ್ಸುಗಳಿಲ್ಲದ ಕಾಲದಲ್ಲಿ ಕೃಷ್ಣೆ ಭೀಮೆಗಳ ಬಯಲಿನಿಂದ ಕಾಲುನಡಿಗೆಯಲ್ಲಿ ಹೊರಟು, ಹಿಮದ ನೆರಳಿನಲ್ಲಿಯೇ ಬಾಳು ಸವೆಸಿದ ಕನ್ನಡಿಗರ ಮುಂದೆ ನಮ್ಮ ಯಾತ್ರೆ ಯಾವ ಲೆಕ್ಕ? ತುಂಗನಾಥದಲ್ಲಿ ಮಾತ್ರ ಪದ್ಧತಿ ಬೇರೆ. ಅಲ್ಲಿಯ ಅರ್ಚಕರು ಮಕ್ಕೂ ಎಂಬ ಅಲ್ಲಿನದೇ ಹಳ್ಳಿಯ ಬ್ರಾಹ್ಮಣರು. ಚಳಿಗಾಲದಲ್ಲಿ ದೇವರ ಉತ್ಸವಮೂರ್ತಿಯೂ ಅವರೊಡನೆ ಆ ಹಳ್ಳಿಗೇ ಇಳಿದು ಬರುತ್ತದೆ.

ಹೊರಡುವ ಮುನ್ನ ಒಂದು ತಿಂಗಳು ನಾನು ರಾಯಚೂರು ಕೋಟೆಯ ಬೆಟ್ಟವನ್ನು ದಿನವೂ ನಸುಕಿನಲ್ಲಿ ಏರುತ್ತಿದ್ದೆ. ಸುತ್ತಲಿನ ನೆಲದಿಂದ ಆ ಬೆಟ್ಟ ಸುಮಾರು 300 ಅಡಿ. ಕಾಲಿಗೆ ಅದು ಒಳ್ಳೆಯ ಸಾಧನೆ, ಉಸಿರಿಗೆ ಅಲ್ಲ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ತುಂಗನಾಥದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಮೆ. ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟಕ್ಕಷ್ಟೆ. ಎತ್ತರ ಒಂದು ಕಿಲೋಮೀಟರು ಹೆಚ್ಚಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕವನ್ನು ಮಿತ್ರರು ರೈಲಿನಲ್ಲಿಯೇ ಮಾಡಿ ಮುಗಿಸಿದ್ದರು. ನಮ್ಮೂರಿಗೂ ಚಂದ್ರಶಿಲೆಗೂ ಮೂರೂವರೆ ಕಿಲೋಮೀಟರಿಗೂ ಹೆಚ್ಚಿನ ಅಂತರ. ಆದ್ದರಿಂದ ಎತ್ತರ ಒಂದರಿಂದಲೇ ಸುಮಾರು 23 ಡಿಗ್ರಿ ಕಡಮೆಯಾಗಬೇಕು. ಅದು ಉತ್ತರದ ನಾಡಾದ್ದರಿಂದ ಇನ್ನೂ ಕೆಲವು ಡಿಗ್ರಿ ಕಳೆಯಬೇಕು. ವೈಶಾಖದಲ್ಲಿ ನಾವು ಬಿಟ್ಟು ಬಂದ ಊರಿನ ಬಿಸಿಲು ನಲವತ್ತರ ಮೇಲಿತ್ತು.

ಬೆಳಗಿನ ಐದಕ್ಕೆ ಚೋಪತಾ ಬಿಟ್ಟೆವು. ಜೊತೆಗೆ ದಾರಿ ಬಲ್ಲ ಸ್ಥಳೀಯ ತರುಣನೊಬ್ಬ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಗುರೆಳ್ಳಿನ ಪುಡಿ. ಆ ಚಳಿಯಲ್ಲಿ ನಮ್ಮ ಜೋಳದ ರೊಟ್ಟಿ ತಗಡಿನಂತೆ ಸದ್ದು ಮಾಡುತ್ತಿತ್ತು. ಮೊದಲ ಅರ್ಧ ದಾರಿ ಓಕ್ ಮತ್ತು ಬುರಾಂಶ ಮರಗಳ ನಡುವೆ. ಬುರಾಂಶದ ಕೆಂಪು ಹೂವಿನ ಸುಗ್ಗಿ ಮುಗಿಯುತ್ತ ಬಂದಿತ್ತು. ಉದುರಿದ ಹೂಗಳು ಕಲ್ಲುಮೆಟ್ಟಿಲುಗಳ ಮೇಲೆ ಬಾಡಿ ಬಿದ್ದಿದ್ದವು. ಮೇಲೇರಿದಂತೆ ಮರಗಳು ಕುಬ್ಜವಾದವು, ಆಮೇಲೆ ಇಲ್ಲವಾದವು. ಹಿಂಗಾರಿನ ಬೆಳೆ ಕೊಯ್ದ ನಮ್ಮ ಎರೆಹೊಲಗಳಂತೆ ಬೋಳಾದ ಹುಲ್ಲಿನ ಇಳಿಜಾರು ತೆರೆದುಕೊಂಡಿತು. ಅದರ ಮಡಿಕೆಗಳಲ್ಲಿ, ಬಿಸಿಲು ಬೀಳದ ಮಗ್ಗುಲಲ್ಲಿ, ಮೊದಲ ಹಿಮ ಕಂಡಿತು.

ಅದು ಚಿತ್ರಗಳಲ್ಲಿ ಕಂಡಂತೆ ಬೆಳ್ಳಗಿರಲಿಲ್ಲ. ಧೂಳು, ಒಣಗಿದ ಎಲೆ, ಹೇಸರಗತ್ತೆಗಳ ಗೊರಸಿನ ಕೆಸರು ಎಲ್ಲವೂ ಸೇರಿ ಹಳೆಯ ಸುಣ್ಣದ ಗೋಡೆಯ ಬಣ್ಣ. ಮಿತ್ರರು ಮಂಡಿಯೂರಿ ಕುಳಿತು, ಕೈಗವಸು ಕಳಚಿ, ಒಂದು ಮುಷ್ಟಿ ತೆಗೆದುಕೊಂಡರು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: “ಹತ್ತಿ ಹಂಗ ಇರತೈತಿ ಅಂತ ಹೇಳಿದ್ದೆ ಹುಡುಗರಿಗೆ. ಇದು ಹತ್ತಿಯಲ್ಲ, ಉಪ್ಪು.” ನಿಜ, ಆಗತಾನೆ ಬಿದ್ದ ಹಿಮ ಹತ್ತಿಯಂತಿರಬಹುದು. ತಿಂಗಳುಗಟ್ಟಲೆ ಹಗಲು ಕರಗಿ ಇರುಳು ಹೆಪ್ಪುಗಟ್ಟಿದ ಹಿಮ ದಪ್ಪ ಹರಳುಪ್ಪಿನಂತೆ ಗರಸುಗರಸಾಗುತ್ತದೆ. ನಾವು ಕಂಡದ್ದು ಹೊಸ ಹಿಮವಲ್ಲ. ಹಿಂದಿನ ಚಳಿಗಾಲದಲ್ಲಿ ಯಥೇಚ್ಛವಾಗಿ ಬಿದ್ದು, ಇನ್ನೂ ಕರಗಿ ಮುಗಿಯದ ಶೇಖರಣೆ.

ಅವರು ಚೀಲದಿಂದ ಉಕ್ಕಿನ ತಂಬಿಗೆಯೊಂದನ್ನು ತೆಗೆದು ಹಿಮವನ್ನು ಕಂಠದವರೆಗೆ ಒತ್ತದೆ ತುಂಬಿದರು. ತುಂಗನಾಥದ ಬಳಿಯ ಚಹದಂಗಡಿಯ ಒಲೆಯ ಪಕ್ಕದಲ್ಲಿ ಅದನ್ನಿಟ್ಟು ಕರಗಿಸಿದರು. ನೀರು ಅರ್ಧ ತಂಬಿಗೆಗಿಂತ ತುಸು ಕಡಮೆಯಿತ್ತು. ಹೊಸ ಹಿಮವಾಗಿದ್ದರೆ ಹತ್ತು ಅಂಗುಲಕ್ಕೆ ಸುಮಾರು ಒಂದು ಅಂಗುಲ ನೀರು. ವಸಂತದ ಕೊನೆಯ ಹಳೆಯ ಹಿಮದಲ್ಲಿ ನಾಲ್ಕೈದು ಅಂಗುಲ. ಬೆಟ್ಟದ ಮೇಲೆ ಎಷ್ಟು ಎತ್ತರ ಹಿಮವಿದೆ ಎಂಬುದಕ್ಕಿಂತ ಅದರೊಳಗೆ ಎಷ್ಟು ನೀರಿದೆ ಎಂಬುದೇ ಕೆಳಗಿನ ನದಿಗೆ ಮುಖ್ಯ. ಅಂಗಡಿಯವನು ಈ ಪ್ರಯೋಗವನ್ನು ಕುತೂಹಲದಿಂದ ನೋಡಿ, ಆ ನೀರನ್ನೇ ಚಹದ ಪಾತ್ರೆಗೆ ಸುರುವಿಕೊಂಡ.

ಗುಡಿ ಚಿಕ್ಕದು, ದಟ್ಟ ಬಣ್ಣದ ಒರಟು ಕಲ್ಲಿನ ಕಟ್ಟಡ. ಅಂಗಳದ ಹಿಮವನ್ನು ಸಲಿಕೆಯಿಂದ ಬದಿಗೆ ಸರಿಸಿ ದಾರಿ ಮಾಡಿದ್ದರು. ದರ್ಶನ ಮುಗಿಸಿ ಎಂಟೂವರೆಗೆ ನಾವು ಚಂದ್ರಶಿಲೆಯ ಕಡೆ ತಿರುಗಿದೆವು. ಅಲ್ಲಿಂದ ಮುಂದೆ ಕಲ್ಲುಹಾಸಿಲ್ಲ. ಇದ್ದ ಕಾಲುದಾರಿಯೂ ಹಿಮದಡಿಯಲ್ಲಿ. ತರುಣ ಮುಂದೆ ನಡೆದು ಬೂಟಿನ ತುದಿಯಿಂದ ಹಿಮವನ್ನು ಒದ್ದು ಮೆಟ್ಟಿಲು ಕೊರೆಯುತ್ತಿದ್ದ. ನಾವು ಅದರಲ್ಲಿಯೇ ಕಾಲಿಟ್ಟು ಏರುತ್ತಿದ್ದೆವು. ಬೆಳಗಿನ ಹೊತ್ತು ಹಿಮದ ಮೇಲ್ಪದರ ಇರುಳಿನ ಚಳಿಗೆ ಗಟ್ಟಿಯಾಗಿರುತ್ತದೆ, ಕಾಲು ಹೂಳುವುದಿಲ್ಲ. ಬಿಸಿಲೇರಿದ ಮೇಲೆ ಮಂಡಿಯವರೆಗೆ ಕುಸಿಯುತ್ತದೆ. ಹತ್ತುವುದಾದರೆ ಬೇಗ ಹತ್ತಬೇಕು, ಇಳಿಯುವುದಾದರೆ ಮಧ್ಯಾಹ್ನಕ್ಕೆ ಮುನ್ನ ಇಳಿಯಬೇಕು ಎಂಬುದು ಅಲ್ಲಿಯವರ ನಿಯಮ.

ಬಿಸಿಲಿನ ವಿಷಯದಲ್ಲಿ ನಮಗೆ ಯಾರೂ ಏನೂ ಹೇಳಿಕೊಡಬೇಕಾದದ್ದಿಲ್ಲ ಎಂದು ರಾಯಚೂರಿನವರು ತಿಳಿಯುವುದು ಸಹಜ. ಆದರೆ ನಮ್ಮ ಬಿಸಿಲು ಮೇಲಿನಿಂದ ಬರುವಂಥದು. ತಲೆಗೊಂದು ವಸ್ತ್ರ ಸುತ್ತಿದರೆ ಅರ್ಧ ಗೆದ್ದಂತೆ. ಹಿಮದ ಮೇಲಿನ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಹಳೆಯ ಹಿಮ ಕೂಡ ತನ್ನ ಮೇಲೆ ಬಿದ್ದ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆ, ಮೇಲಿನ ಬಿಸಿಲು ಎಂದೂ ಮುಟ್ಟದ ಚರ್ಮವೆಲ್ಲ ಅಲ್ಲಿ ಸುಡುತ್ತದೆ. ಕಪ್ಪು ಕನ್ನಡಕವಿಲ್ಲದಿದ್ದರೆ ಕೆಲವು ತಾಸುಗಳಲ್ಲಿ ಕಣ್ಣು ಬಿಡಲಾಗದಂತಾಗುತ್ತದೆ. ನಾವು ಕನ್ನಡಕ ಹಾಕಿದ್ದೆವು; ಅಂಚಿನಿಂದ ನುಗ್ಗಿದ ಬೆಳಕೇ ಸಾಕಷ್ಟು ಬಾಧಿಸಿತು. ಉತ್ತರದಲ್ಲಿ 7138 ಮೀಟರಿನ ಚೌಖಂಬಾ ತನ್ನ ನಾಲ್ಕು ಕೊಂಬುಗಳನ್ನೆತ್ತಿ ನಿಂತಿತ್ತು. ಅದರ ಮುಂದೆ ನಮ್ಮ ಚಂದ್ರಶಿಲೆ, ಕೋಟೆಯ ಬುರುಜಿನ ಮುಂದೆ ಹೊಲದ ಬದುವಿನಂತೆ.

ಇಳಿಜಾರಿನ ಅರ್ಧ ದಾಟಿದ ಮೇಲೆ ಮಿತ್ರರ ನಡಿಗೆಯಲ್ಲಿ ವ್ಯತ್ಯಾಸ ಕಂಡಿತು. ಬೆಳಗ್ಗೆಯೇ ತಲೆ ಭಾರ ಎಂದಿದ್ದರು. ಚಳಿಯದು ಎಂದು ನಾವಿಬ್ಬರೂ ಬಗೆದಿದ್ದೆವು. ಈಗ ನಾನು ಕೇಳಿದ ಮಾತಿಗೆ ಉತ್ತರ ತಡವಾಗಿ ಬಂದಿತು. ಮೆಟ್ಟಿಲಿನ ಮೇಲೆ ಇಡಬೇಕಾದ ಹೆಜ್ಜೆ ಪಕ್ಕಕ್ಕೆ ಬಿದ್ದಿತು. ಮರುಗಳಿಗೆಯಲ್ಲಿ ಅವರು ಕೋಲನ್ನೂರಿ ಬಗ್ಗಿ ವಾಂತಿ ಮಾಡಿಕೊಂಡರು. ಕೆಳಗಡೆ ಇಳಿಜಾರು ಬಂಡೆಗಳವರೆಗೂ ಜಾರುಬಂಡೆಯಂತಿತ್ತು. ಅಲ್ಲಿ ಒಂದು ಹೆಜ್ಜೆ ತಪ್ಪಿದರೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಇರಲಿಲ್ಲ. ತರುಣ ಅವರನ್ನು ಕೂರಿಸಿ, ಮುಖ ನೋಡಿ, ಇನ್ನು ಇಳಿಯೋಣ ಎಂದ. ಎತ್ತರದ ಬೇನೆಗೆ ಇಳಿಯುವುದೇ ಮೊದಲ ಮದ್ದು. ಲಕ್ಷಣ ಕಂಡ ಮೇಲೆ ಮೇಲೇರಬಾರದು. ಕಾಲು ಸ್ಥಿಮಿತ ತಪ್ಪಿತೆಂದರೆ ಒಂದು ಕ್ಷಣವೂ ತಡಮಾಡಬಾರದು. ಇದು ವೈದ್ಯರೂ ಹೇಳುವ ಮಾತು, ಬೆಟ್ಟದವರೂ ಹೇಳುವ ಮಾತು.

ಮಿತ್ರರು ಸಿಟ್ಟಾದರು. ನಲವತ್ತು ವರ್ಷಗಳ ಗೆಳೆತನದಲ್ಲಿ ಅವರು ನನ್ನ ಮೇಲೆ ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ. “ಕಣ್ಣಿಗೆ ಕಾಣಸ್ತದ ತುದಿ. ಇಷ್ಟು ದೂರ ಬಂದು ಹೊಳ್ಳಿ ಹೋಗಂತೀಯಲ್ಲ! ಇನ್ನೊಮ್ಮೆ ಬರತೀನೇನು ನಾನು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಇನ್ನೊಮ್ಮೆ ಬರುವುದು ಸುಲಭವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಶಿಖರ ನಿಜವಾಗಿಯೂ ಕಾಣುತ್ತಿತ್ತು. ಅದರ ಮೇಲಣ ಪುಟ್ಟ ಗುಡಿಯ ಬಾವುಟಗಳೂ ಕಾಣುತ್ತಿದ್ದವು. ನಾನು ವಾದಿಸಲಿಲ್ಲ. ಅವರ ಪಕ್ಕದಲ್ಲಿ ಹಿಮದ ಮೇಲೆಯೇ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತಾಡಿದರು, ಈ ಸಲ ಮೆಲ್ಲಗೆ. ಕಾಲುವೆಗೆ ನೀರು ಬಿಟ್ಟಾಗ ಪ್ರತಿವರ್ಷವೂ ತರಗತಿಯಲ್ಲಿ ಅವರು ಮಕ್ಕಳಿಗೆ ಒಂದು ಎಚ್ಚರಿಕೆ ಕೊಡುತ್ತಿದ್ದರಂತೆ: ಆಚೆಯ ದಡ ಹತ್ತಿರ ಕಂಡಿತೆಂದು ಧುಮುಕಬೇಡಿರಿ, ದಡ ಎಷ್ಟು ದೂರವೆಂಬುದನ್ನು ಕಣ್ಣು ಹೇಳಲಾರದು, ಸೆಳವು ಹೇಳುತ್ತದೆ. “ಹುಡುಗರಿಗೆ ಹೇಳಿದ್ದು ಮಾಸ್ತರಗ ಹತ್ತಂಗಿಲ್ಲೇನು? ನಡಿಯಪಾ, ಇಳಿಯೋಣ” ಎಂದು ಎದ್ದರು.

ತರುಣ ನನ್ನೊಬ್ಬನನ್ನೇ ತುದಿಗೆ ಕರೆದೊಯ್ದು ಬರುವೆನೆಂದ; ಚಹದಂಗಡಿಯವರೆಗೆ ಅವರನ್ನು ಇಳಿಸಿ ಮತ್ತೆ ಹತ್ತಬಹುದೆಂದ. ನಾನು ಬೇಡವೆಂದೆ. ಇಬ್ಬರೂ ಕೂಡಿ ಹೊರಟ ಮೇಲೆ ಒಬ್ಬನೇ ಕಂಡ ಶಿಖರವನ್ನು ಆಮೇಲೆ ಇಬ್ಬರೂ ಕೂಡಿ ನೆನೆಯುವುದು ಹೇಗೆ? ಚೋಪತಾಕ್ಕೆ ಇಳಿಯುವಷ್ಟರಲ್ಲಿ ಅವರ ತಲೆನೋವು ಬಿಟ್ಟಿತ್ತು. ಊಖೀಮಠದಲ್ಲಿ ರಾತ್ರಿ ಹೊಟ್ಟೆತುಂಬ ಉಂಡರು.

ಶಿಖರ ಸಿಗಲಿಲ್ಲ; ಆದರೆ ಅವರು ಹೊರಟದ್ದು ಶಿಖರಕ್ಕಾಗಿ ಅಲ್ಲವೆಂಬುದು ಇಳಿಯುವ ದಾರಿಯಲ್ಲಿ ನನಗೆ ಹೊಳೆಯಿತು. ಏರುವಾಗ ನಾವು ಗಮನಿಸದೆ ಹೋದ ಸದ್ದೊಂದು ಮರಳುವಾಗ ಎಲ್ಲ ಕಡೆಯಿಂದಲೂ ಕೇಳಿಸುತ್ತಿತ್ತು. ಬಿಸಿಲೇರಿದಂತೆ ಪ್ರತಿಯೊಂದು ಹಿಮದ ತೇಪೆಯ ಕೆಳ ಅಂಚಿನಿಂದಲೂ ನೀರಿನ ಎಳೆ ಹೊರಟು, ಎಳೆಗಳು ಕೂಡಿ ಝರಿಯಾಗಿ, ಝರಿ ಕಣಿವೆಗೆ ಧುಮುಕುತ್ತಿತ್ತು. ಮೋಡದ ಗುರುತಿಲ್ಲ, ಮಳೆಯ ಹನಿಯಿಲ್ಲ. ಆದರೂ ಹೊಳೆ ಹುಟ್ಟುತ್ತಿತ್ತು. ಬಿಸಿಲು ಹೆಚ್ಚಿದಷ್ಟೂ ನೀರು ಹೆಚ್ಚುತ್ತಿತ್ತು. ನಮ್ಮ ಬಾಳಿನಲ್ಲಿ ಬಿಸಿಲಿಗೂ ನೀರಿಗೂ ಹಾವು ಮುಂಗುಸಿಯ ಸಂಬಂಧ. ಇಲ್ಲಿ ಬಿಸಿಲೇ ನೀರು ಕೊಡುತ್ತಿತ್ತು. ರುದ್ರಪ್ರಯಾಗದಲ್ಲಿ ಮಂದಾಕಿನಿ ಅಲಕನಂದೆಗಳು ಬಿರುಬೇಸಗೆಯಲ್ಲಿ ಅಬ್ಬರಿಸುವುದನ್ನು ಸೇತುವೆಯ ಮೇಲಿಂದ ನೋಡುತ್ತ ಮಿತ್ರರು ಬಹಳ ಹೊತ್ತು ನಿಂತರು. ಮೂವತ್ತು ವರ್ಷ ಕಲಿಸಿದ ವಾಕ್ಯ ಅಲ್ಲಿ ಹರಿಯುತ್ತಿತ್ತು.

ಅದೇ ಹೊತ್ತಿನಲ್ಲಿ ದೇವದುರ್ಗದ ಬಳಿ ಕೃಷ್ಣೆ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿದ್ದಳು. ಅದೇ ವರ್ಷದ ಆಗಸ್ಟಿನಲ್ಲಿ ಪಶ್ಚಿಮ ಘಟ್ಟದ ಮಳೆ ನಾರಾಯಣಪುರದ ಅಣೆಕಟ್ಟನ್ನು ತುಂಬಿ ಹರಿದು, ಅದೇ ಕೃಷ್ಣೆ ಹೂವಿನಹೆಡಗಿಯ ಸೇತುವೆಯನ್ನು ಮುಳುಗಿಸಿ, ದಡದ ಹಳ್ಳಿಗಳ ಜನರನ್ನು ಮನೆ ಬಿಡಿಸಿದಳು. ಮೇ ತಿಂಗಳಲ್ಲಿ ಮಡು, ಆಗಸ್ಟಿನಲ್ಲಿ ಪ್ರಳಯ. ಮಳೆಯನ್ನೇ ನಂಬಿದ ನದಿಯ ಸ್ವಭಾವ ಇದು. ನಡುವೆ ತಡೆದು ನಿಲ್ಲಿಸಿ, ಬೇಕಾದಷ್ಟೇ ಬಿಡುವ ಹಿಮವೆಂಬ ಭಂಡಾರಿ ಅದಕ್ಕಿಲ್ಲ.

ಮಿತ್ರರು ಥರ್ಮಾಸ್ ಫ್ಲಾಸ್ಕೊಂದರಲ್ಲಿ ಒಂದಿಷ್ಟು ಹಿಮ ತುಂಬಿಕೊಂಡಿದ್ದರು. ಅದು ಊರು ಮುಟ್ಟುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅದರ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಮೇಜಿನ ಮೇಲಿಟ್ಟು, ತಂಬಿಗೆಯ ಲೆಕ್ಕವನ್ನು ಹಲಗೆಯ ಮೇಲೆ ಬರೆದರಂತೆ. ಬೇಸಗೆಯಲ್ಲಿ ತಂದೆತಾಯಿಯರೊಡನೆ ದೊಡ್ಡ ಊರಿಗೆ ಗುಳೆ ಹೋಗಿ ಆಗತಾನೆ ಮರಳಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳಂತೆ: “ಸರ್, ಅಲ್ಲಿಯ ಬರ್ಫ ಪೂರಾ ಕರಗಿ ಹೋದರ ಆ ಹೊಳಿನೂ ನಮ್ಮ ಹೊಳಿ ಹಂಗ ಆಗತೈತೇನ್ರೀ?”

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅವರು ತಿಳಿದಷ್ಟನ್ನು ನೇರವಾಗಿ ಹೇಳಿದರು. ಬಯಲಿಗೆ ಬಂದ ಗಂಗೆಯ ನೀರಿನಲ್ಲಿ ಹೆಚ್ಚಿನ ಪಾಲು ಮಳೆಯದೇ. ಆದ್ದರಿಂದ ಗಂಗೆ ಬತ್ತಿಹೋಗುತ್ತಾಳೆ ಎನ್ನಲಾಗದು. ಆದರೆ ಮಳೆಗಾಲಕ್ಕೆ ಮುಂಚಿನ ಬೇಸಗೆಯ ನೀರು, ಅದರಲ್ಲಿಯೂ ಬೆಟ್ಟದ ಸೀಮೆಯಲ್ಲಿ, ಹಿಮವನ್ನೇ ಅವಲಂಬಿಸಿದೆ. ಹಿಂದೂಕುಷ್ ಹಿಮಾಲಯವನ್ನು ಕುರಿತು 2019ರ ಆರಂಭದಲ್ಲಿ ಪ್ರಕಟವಾದ ವಿಜ್ಞಾನಿಗಳ ವರದಿಯೊಂದು, ಲೋಕದ ಉಷ್ಣತೆಯ ಏರಿಕೆಯನ್ನು ಒಂದೂವರೆ ಡಿಗ್ರಿಗೆ ತಡೆದರೂ ಈ ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿಯ ಹಿಮನದಿಗಳ ಮೂರನೆಯ ಒಂದು ಪಾಲು ಕರಗಿಹೋಗುವುದೆಂದು ಹೇಳಿದೆ. ಆ ಭಂಡಾರಿಯ ಕೈಯೂ ಬರಿದಾಗುತ್ತಿದೆ.

ಈ ಪ್ರಶ್ನೆಯನ್ನು ನಾನು ಮಾನ್ವಿಯ ಕಡೆಗೂ ತಿರುಗಿಸಿ ನೋಡಿದ್ದೇನೆ. ನಮಗೆ ಹಿಮವಿಲ್ಲ, ಅದರ ಬದಲಿಗೆ ನಾವು ಕಟ್ಟಿಕೊಂಡದ್ದು 1953ರಿಂದ ನೀರು ಹಿಡಿಯುತ್ತಿರುವ ತುಂಗಭದ್ರಾ ಜಲಾಶಯ. ಮೊದಲಿಗೆ 133 ಟಿ.ಎಂ.ಸಿ. ಹಿಡಿಯುತ್ತಿದ್ದ ಅದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ತೂಬುಗಳಲ್ಲಿ 19ನೆಯದರ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ, ತಾತ್ಕಾಲಿಕ ತಡೆ ಕೂರಿಸುವವರೆಗೆ ನಾಲ್ಕು ಜಿಲ್ಲೆಗಳ ರೈತರು ಉಸಿರು ಹಿಡಿದು ಕುಳಿತಿದ್ದರು. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರುಗಳ ಹೊಲಗಳಿಗೆ ನೀರು ತಲುಪುವುದು ಮೇಲಿನವರೆಲ್ಲರೂ ಬಿಟ್ಟ ಮೇಲೆಯೇ. ಹಿಮ ಕರಗುವಾಗ ಮೇಲಿನವನು ಕೆಳಗಿನವನು ಎಂದು ನೋಡುವುದಿಲ್ಲ. ಇಳಿಜಾರು ಇದ್ದಲ್ಲಿಗೆಲ್ಲ ಹರಿಯುತ್ತದೆ. ಮನುಷ್ಯ ಕಟ್ಟಿದ ಭಂಡಾರದಲ್ಲಿ ತೂಬು ತಿರುಗಿಸುವ ಕೈಯ ನ್ಯಾಯವೇ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ರಕೃತಿ ಹಿಮವನ್ನು ಕೊಡದ ನಾಡಿನಲ್ಲಿ ಹೂಳು ತೆಗೆಯುವುದೂ, ಕೆರೆಯ ಒಡ್ಡು ಕಾಯುವುದೂ, ಕೊನೆಯ ಹೊಲದವನ ಸರದಿಯನ್ನು ಗೌರವಿಸುವುದೂ ನಮ್ಮ ಪಾಲಿನ ಕೆಲಸ.

ಮಿತ್ರರು 2020ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ತರುಣ ಶಿಕ್ಷಕರಿಗೆ ಆ ಉಕ್ಕಿನ ತಂಬಿಗೆಯನ್ನು ಕೊಟ್ಟು, ನದಿಗಳ ಪಾಠ ಬಂದಾಗ ಬಜಾರಿನಿಂದ ಬರ್ಫ ತರಿಸಿ, ಪುಡಿಮಾಡಿ, ಕಂಠದವರೆಗೆ ತುಂಬಿ, ಬಿಸಿಲಿಗಿಟ್ಟು ಮಕ್ಕಳಿಂದಲೇ ಅಳೆಸಿರಿ ಎಂದು ಹೇಳಿದ್ದಾರೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.